ವಿಂಡೋಸ್‌ನಲ್ಲಿ ಪೈಥಾನ್ ಮಾಡ್ಯೂಲ್ ಕಂಪೈಲ್ ಆಗ್ತಿಲ್ಲ, ಯಾವ ಕಂಪೈಲರ್ ಹಾಕಲಿ?

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10, ಪೈಥಾನ್ 3.12. ಪಿಪ್‌ನಲ್ಲಿ (ಪೈಥಾನ್ ಮಾಡ್ಯೂಲ್ ಇಳಿಸಿ ಹಾಕೋ ಟೂಲ್) ಒಂದು ಹಳೇ ಮಾಡ್ಯೂಲ್ ಹಾಕೋಕೆ ಹೋದರೆ ವಿಷುಯಲ್ ಸಿ++ (ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸೋ ಮೈಕ್ರೋಸಾಫ್ಟ್ ಕಂಪೈಲರ್) 14.0 ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಎರರ್ ಬರುತ್ತೆ. ನನ್ನ ಹತ್ರ ವಿಷುಯಲ್ ಸ್ಟುಡಿಯೋ 2010 ಇದೆ, ಸಾಲಲ್ವಾ? ಮಿಂಗ್‌ಡಬ್ಲ್ಯೂ (ಜಿಸಿಸಿ ಅನ್ನೋ ಕಂಪೈಲರ್‌ನ ವಿಂಡೋಸ್ ರೂಪ) ಪುಕ್ಕಟೆ ಸಿಗುತ್ತಲ್ಲ, ಅದಾದರೂ ನಡೆಯುತ್ತಾ?

ಜಯನಗರದಿಂದ: 2010 ನಡೆಯಲ್ಲ ಸರ್. ಪೈಥಾನನ್ನು ಯಾವ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿದ್ದಾರೋ ಸಿ ಕೋಡ್ ಇರೋ ಮಾಡ್ಯೂಲಿಗೂ ಅದೇ ಬೇಕು, ಇಲ್ಲಾಂದರೆ ಅದಕ್ಕೆ ಹೊಂದುವಂಥದ್ದು ಬೇಕು. ಪೈಥಾನ್ 2.7ಕ್ಕೆ ವಿಷುಯಲ್ ಸ್ಟುಡಿಯೋ 2008, 3.3 ಮತ್ತು 3.4ಕ್ಕೆ 2010, 3.5ರಿಂದ ಈಚೆಗೆ 2015 (ಎರರ್‌ನಲ್ಲಿರೋ 14.0 ಅಂದರೆ ಇದೇ) ಅಥವಾ ಅದಕ್ಕಿಂತ ಹೊಸದು. ಹಿಂದೆ ಒಂದೊಂದು ವಿಷುಯಲ್ ಸ್ಟುಡಿಯೋಗೂ ಅದರದ್ದೇ ಸಿ ರನ್‌ಟೈಮ್ ಡಿಎಲ್‌ಎಲ್ (ಪ್ರೋಗ್ರಾಂ ಓಡೋಕೆ ಬೇಕಾದ ಲೈಬ್ರರಿ ಫೈಲ್) ಇತ್ತು, ಒಂದರಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದರಲ್ಲಿ ಬಿಡೋಕೆ ಹೋದರೆ ಪ್ರೋಗ್ರಾಂ ಅಲ್ಲೇ ಮಲಗುತ್ತೆ, ಮಜಾ ಏನಂದ್ರೆ ಕಂಪೈಲ್ ಆಗುವಾಗ ಏನೂ ಗೊತ್ತಾಗಲ್ಲ, ಓಡಿಸುವಾಗ ತಲೆ ಕೆಡುತ್ತೆ. 2015ರಲ್ಲಿ ಯೂನಿವರ್ಸಲ್ ರನ್‌ಟೈಮ್ ಬಂತು, ಅಲ್ಲಿಂದ ಈಚೆಗೆ ಎಲ್ಲಕ್ಕೂ ಅದೊಂದೇ. ಹಾಗಾಗಿ 2017, 2019, 2022 ಯಾವುದಾದರೂ ಆಗುತ್ತೆ. ಇಡೀ ವಿಷುಯಲ್ ಸ್ಟುಡಿಯೋ ಬೇಡ, ಬಿಲ್ಡ್ ಟೂಲ್ಸ್ ಸಾಕು. ಇನ್‌ಸ್ಟಾಲರ್‌ನಲ್ಲಿ ಸಿ++ ಡೆಸ್ಕ್‌ಟಾಪ್ ಅಂತಿರೋದಕ್ಕೆ ಟಿಕ್ ಹಾಕಿ. ಅದೇ ಹಲವು ಜಿಬಿ ಆಗುತ್ತೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾತ್ರ ಕೈ ಹಾಕಬೇಡಿ.

ಮಲ್ಲೇಶ್ವರದಿಂದ: ಅಷ್ಟೆಲ್ಲ ಇಳಿಸೋ ಮುಂಚೆ ವೀಲ್ ಇದೆಯಾ ನೋಡಿ. ಮೊದಲೇ ಕಂಪೈಲ್ ಮಾಡಿಟ್ಟ ಫೈಲ್ ಅದು, ಕಂಪೈಲರ್ ಬೇಕೇ ಇಲ್ಲ. ಫೈಲ್ ಹೆಸರಲ್ಲೇ ಜಾತಕ ಇರುತ್ತೆ. ಸಿಪಿ312 ಅಂದರೆ 3.12ಕ್ಕೆ, ವಿನ್ ಎಎಮ್‌ಡಿ64 ಅಂದರೆ 64 ಬಿಟ್‌ಗೆ (ಇಂಟೆಲ್ ಪ್ರೊಸೆಸರ್‌ಗೂ ಅದೇ, ಗಾಬರಿ ಬೇಡ). ಹಳೇ ಮೆಷಿನ್ ಅಲ್ವಾ, 32 ಬಿಟ್ ಪೈಥಾನ್ ಇದ್ದರೂ ಇರಬಹುದು, ಈಗ ಎಷ್ಟೋ ಮಾಡ್ಯೂಲ್‌ಗಳು 32 ಬಿಟ್‌ಗೆ ವೀಲ್ ಕೊಡೋದನ್ನೇ ಬಿಟ್ಟಿವೆ. 3.12ಕ್ಕೆ ಸಿಗದಿದ್ದರೆ 3.11 ಪಕ್ಕದಲ್ಲಿ ಹಾಕ್ಕೊಳ್ಳಿ, ಒಂದಕ್ಕೊಂದು ಜಗಳ ಆಡಲ್ಲ.

ವೈಟ್‌ಫೀಲ್ಡ್‌ನಿಂದ: ಹಳೇ ಮಾಡ್ಯೂಲ್ ಅಂದಿರಿ. 2023ರಲ್ಲಿ 3.12 ಬಂದಾಗ ಡಿಸ್ಟ್‌ಯುಟಿಲ್ಸ್ (ಮಾಡ್ಯೂಲ್ ಬಿಲ್ಡ್ ಮಾಡೋಕೆ ಪೈಥಾನ್ ಜೊತೆಗೇ ಬರ್ತಿದ್ದ ಟೂಲ್) ತೆಗೆದುಹಾಕಿದ್ದಾರೆ. ಕಂಪೈಲರ್ ಸರಿ ಇದ್ದರೂ ಅಲ್ಲಿ ಮುಗ್ಗರಿಸಬಹುದು. ಅದರ ಬದಲಿಗೆ ಸೆಟಪ್‌ಟೂಲ್ಸ್ ಹಾಕಿ ನೋಡಿ, ಸಾಮಾನ್ಯವಾಗಿ ಸರಿಹೋಗುತ್ತೆ.

ಬಸವನಗುಡಿಯಿಂದ: ಮಿಂಗ್‌ಡಬ್ಲ್ಯೂ ಇಲ್ಲಿ ಬೇಡ, ಸುಮ್ನೆ ತಲೆನೋವು. ಪರ್ಲ್ ಭಾಷೆ ಆದರೆ ಕಥೆ ಬೇರೆ, ಸ್ಟ್ರಾಬೆರಿ ಪರ್ಲ್ ಜೊತೆಗೇ ಜಿಸಿಸಿ ಬರುತ್ತೆ. ಅಲ್ಲೂ ಯಾವ ಮೇಕ್ (ಬಿಲ್ಡ್ ನಡೆಸೋ ಟೂಲ್) ಬೇಕು ಅಂತ ಪರ್ಲನ್ನೇ ಕೇಳಬಹುದು: ಪರ್ಲ್, ಸ್ಪೇಸ್, ಹೈಫನ್, ದೊಡ್ಡಕ್ಷರದ ವಿ, ಕೋಲನ್, ಮೇಕ್. ಜಿಮೇಕ್ ಅಂತ ಬಂದರೆ ಎನ್‌ಮೇಕ್ ಹುಡುಕಿಕೊಂಡು ಹೋಗಬೇಡಿ. ನಮ್ಮ ಆಫೀಸಿನ ಒಂದು ಮೆಷಿನ್‌ನಲ್ಲಿ ಪಾತ್‌ನೊಳಗೆ (ವಿಂಡೋಸ್ ಪ್ರೋಗ್ರಾಂ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಎರಡು ಜಿಸಿಸಿ ಇದ್ದವು, ಬೇರೆ ಯಾವುದೋ ಸಾಫ್ಟ್‌ವೇರ್ ತಂದು ಹಾಕಿದ್ದ 32 ಬಿಟ್‌ನದ್ದೇ ಮೊದಲು ಸಿಗ್ತಿತ್ತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ವೇರ್ ಜಿಸಿಸಿ ಅಂತ ಹೊಡೆದರೆ ಎರಡರ ದಾರಿಯೂ ಸಾಲಾಗಿ ಬರುತ್ತೆ.