ಐದು ತಿಂಗಳ ಮಗುವಿಗೆ ತೊಟ್ಟಿಲು ಬಿಡಿಸುವ ಹೊತ್ತು ಬಂತೇ? ಅಳತೆ ನೋಡುವುದು ಹೇಗೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದು ತಿಂಗಳು ತುಂಬಿದೆ. ತೂಕ 7.4 ಕೆ.ಜಿ., ಉದ್ದ 66 ಸೆಂ.ಮೀ. ರಾತ್ರಿ ಹಗಲು ಮಲಗುವುದು ಮರದ ತೂಗುತೊಟ್ಟಿಲಲ್ಲೇ. ತೊಟ್ಟಿಲಿನ ಒಳ ಅಳತೆ 86 × 42 ಸೆಂ.ಮೀ., ಹಾಸಿಗೆಯ ಮೇಲ್ಭಾಗದಿಂದ ಪಕ್ಕದ ಅಂಚಿನವರೆಗೆ 25 ಸೆಂ.ಮೀ. ಎತ್ತರ ಇದೆ. ಬಡಗಿಯಿಂದ ಮಾಡಿಸಿದ್ದು, ಆದ್ದರಿಂದ ಎಷ್ಟು ತೂಕ ತಡೆಯುತ್ತದೆ ಎಂಬ ಚೀಟಿ ಏನೂ ಇಲ್ಲ.

ಮಗು ಬಲಕ್ಕೆ ಹೊರಳಿ ಬೋರಲಾಗುವುದನ್ನು ಕಲಿತಿದ್ದಾಳೆ, ವಾಪಸ್ ಅಂಗಾತ ಆಗಲು ಇನ್ನೂ ಬರುವುದಿಲ್ಲ. ರಾತ್ರಿ ಮೊದಲಿಗಿಂತ ಹೆಚ್ಚು ಸಲ ಏಳುತ್ತಾಳೆ. ಅತ್ತೆಯವರು "ಕಾಲು ಇನ್ನೂ ತುದಿಗೆ ತಗಲಿಲ್ಲವಲ್ಲ, ವರ್ಷದವರೆಗೆ ಧಾರಾಳ" ಅನ್ನುತ್ತಾರೆ. ತೊಟ್ಟಿಲು ಚಿಕ್ಕದಾಯಿತು ಅಂತ ನಿಖರವಾಗಿ ಯಾವುದನ್ನು ನೋಡಿ ಹೇಳಬೇಕು? ಆಮೇಲೆ ಎಲ್ಲಿ ಮಲಗಿಸುವುದು? ಕೋಣೆ ಹತ್ತಡಿ ಹತ್ತಡಿ, ದೊಡ್ಡ ಮಂಚ ಈಗಾಗಲೇ ಇದೆ.

ಮಲ್ಲಿಗೆಬಳ್ಳಿ:

ನಿಮ್ಮ ಲೆಕ್ಕದಲ್ಲಿ ತೊಟ್ಟಿಲಿನ ಕಾಲ ಮುಗಿಯಿತು. ಕಾಲು ತಗಲುವುದನ್ನು ಕಾಯುತ್ತಾ ಕೂರಬೇಡಿ, ಅದು ಎಲ್ಲಕ್ಕಿಂತ ಕೊನೆಗೆ ಬರುವ ಗುರುತು. ಮೊದಲು ನೋಡಬೇಕಾದ್ದು ಮಗು ಏನೇನು ಮಾಡಲು ಕಲಿತಿದೆ ಎಂಬುದನ್ನು, ಆಮೇಲೆ ತೂಕ, ಆಮೇಲೆ ಉದ್ದ.

ಹೊರಳುವುದು, ಅಂಗೈ ಊರಿ ಎದೆ ಎತ್ತುವುದು, ಮಂಡಿ ಮಡಚಿ ಸೊಂಟ ಎತ್ತುವುದು, ಅಂಚು ಹಿಡಿದು ಎಳೆಯುವುದು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ತೂಗುತೊಟ್ಟಿಲು, ಚಿಕ್ಕ ಬುಟ್ಟಿ ತೊಟ್ಟಿಲು ಎರಡನ್ನೂ ಬಿಡಿಸಬೇಕು. ಅಮೆರಿಕದ ಸುರಕ್ಷತಾ ಮಾನದಂಡದಲ್ಲೂ ಇಂಥ ತೊಟ್ಟಿಲುಗಳನ್ನು ಸುಮಾರು ಐದು ತಿಂಗಳವರೆಗೆ, ಅಥವಾ ಮಗು ಕೈ ಮಂಡಿ ಊರಿ ಮೇಲೇಳಲು ತೊಡಗುವವರೆಗೆ ಎಂದೇ ಇಟ್ಟಿದ್ದಾರೆ. ಇವುಗಳಲ್ಲಿ ಯಾವುದು ಮೊದಲೋ ಅದು.

ಕಾರಣ ಸರಳ. ನಿಮ್ಮ ತೊಟ್ಟಿಲ ಅಂಚು 25 ಸೆಂ.ಮೀ. ಈ ವಯಸ್ಸಿನ ಮಗು ಕೂತಾಗ ಆಸನದಿಂದ ನೆತ್ತಿಯವರೆಗಿನ ಎತ್ತರ ಮೈಯುದ್ದದ ಸುಮಾರು ಮೂರನೇ ಎರಡು ಪಾಲು, ಅಂದರೆ ನಿಮ್ಮ ಮಗಳಿಗೆ 44 ಸೆಂ.ಮೀ. ಹತ್ತಿರ. ಎದ್ದು ಕೂತ ದಿನ ಅಂಚು ಎದೆಯ ಹತ್ತಿರಕ್ಕೆ ಬರುತ್ತದೆ, ತಲೆ ಭುಜ ಪೂರ್ತಿ ಹೊರಗೆ. ಮೈಗೆ ಹೋಲಿಸಿದರೆ ಮಗುವಿನ ತಲೆ ಭಾರ, ಬಗ್ಗಿದರೆ ತಲೆ ಮೊದಲಾಗಿ ಕೆಳಗೆ ಬರುತ್ತದೆ. ಇನ್ನು ಕೂರುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ ಎಂದಾದರೂ ಆಗಬಹುದು. ಇಷ್ಟು ಅಗಲದ ಅವಧಿಯಲ್ಲಿ ತಿಂಗಳು ಎಣಿಸಿ ಪ್ರಯೋಜನವಿಲ್ಲ. ಮೊದಲ ಸಲ ಕೂರುವುದು ರಾತ್ರಿ ಎರಡು ಗಂಟೆಗೆ, ಯಾರೂ ನೋಡದಾಗಲೂ ಆಗಬಹುದು.

ತೂಕದ ವಿಷಯ. ಅಂಗಡಿಯಲ್ಲಿ ಸಿಗುವ ಚಿಕ್ಕ ತೊಟ್ಟಿಲುಗಳ ಮೇಲೆ ಸಾಮಾನ್ಯವಾಗಿ 7ರಿಂದ 9 ಕೆ.ಜಿ. ಮಿತಿ ಬರೆದಿರುತ್ತದೆ. ಚೀಟಿ ಇದ್ದರೆ ಅದೇ ಅಂತಿಮ. ಅಂಗನವಾಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸುತ್ತೀರಲ್ಲ, ಅದನ್ನೇ ನೋಡಿಕೊಂಡರೆ ಸಾಕು. ಹದಿನಾಲ್ಕು ವಾರದ ಲಸಿಕೆಗೆ ಹೋದಾಗಲೇ ಮುಂದಿನ ಜಾಗದ ಯೋಚನೆ ಶುರು ಮಾಡುವುದು ಒಳ್ಳೆಯದು, ಹೊರಳುವುದು ಅದರ ಹಿಂದೆಯೇ ಬರುತ್ತದೆ.

ಉದ್ದಕ್ಕೆ ನಾನು ಹೇಳುವ ಅಳತೆ: ತಲೆ ಕಡೆ ಕಾಲು ಕಡೆ ಎರಡೂ ಸೇರಿ ಒಂದು ಗೇಣು ಖಾಲಿ ಇರಬೇಕು. ಮಕ್ಕಳು ಕೈ ಮೇಲೆತ್ತಿ ಮಲಗುತ್ತಾರೆ, ಹಿಮ್ಮಡಿಯಿಂದ ಒದ್ದು ತಲೆಯ ಕಡೆಗೆ ಜರುಗುತ್ತಾರೆ. ನಿಮ್ಮಲ್ಲಿ ಉಳಿದಿರುವುದು 20 ಸೆಂ.ಮೀ., ಅಂದರೆ ಗೇಣಿಗೂ ಸ್ವಲ್ಪ ಕಡಿಮೆ. ಈ ವಯಸ್ಸಿನಲ್ಲಿ ತಿಂಗಳಿಗೆ ಒಂದೂವರೆ ಸೆಂ.ಮೀ. ಆಸುಪಾಸು ಬೆಳೆಯುತ್ತಾರೆ. ಅದಕ್ಕಿಂತ ನನಗೆ ಚಿಂತೆ ನಿಮ್ಮ 42 ಸೆಂ.ಮೀ. ಅಗಲದ್ದು. ಹೊರಳುವ ಮಗುವಿಗೆ ಅದು ಸಾಲದು. ಮೊಣಕೈ ಪಟ್ಟಿಗೆ ಬಡಿದು ಎಚ್ಚರವಾಗುತ್ತದೆ. ಹೆಚ್ಚು ಸಲ ಏಳುವುದಕ್ಕೆ ಮನೆಯವರು ಹಸಿವು, ಹಲ್ಲು, ದೃಷ್ಟಿ ಎಲ್ಲ ಹುಡುಕುತ್ತಾರೆ. ಜಾಗ ಸಾಲದಿರುವುದೂ ಒಂದು ಕಾರಣ ಅಂತ ಹೊಳೆಯುವುದೇ ಇಲ್ಲ. ಮಲಗಿದಾಗ ಮೈ ಕೈ ಪಟ್ಟಿಗೆ ತಾಗಿದ ತಕ್ಷಣ ಏಳುತ್ತಾಳೆಯೇ, ನೆಲದ ಮೇಲೆ ಹಗಲು ಮಲಗಿಸಿದಾಗ ಹೆಚ್ಚು ಹೊತ್ತು ನಿದ್ದೆ ಮಾಡುತ್ತಾಳೆಯೇ, ಹೋಲಿಸಿ ನೋಡಿ.

ಇನ್ನೊಂದು: ಬಟ್ಟೆಯಲ್ಲಿ ಕೈ ಸೇರಿಸಿ ಬಿಗಿಯಾಗಿ ಸುತ್ತಿ ಮಲಗಿಸುವ ಅಭ್ಯಾಸವಿದ್ದರೆ ಇವತ್ತಿನಿಂದಲೇ ನಿಲ್ಲಿಸಿ. ಬೋರಲಾದ ಮಗುವಿಗೆ ಮುಖ ಎತ್ತಲು ಕೈ ಬೇಕು.

ಬಡಗಿಮನೆ:

ಮೇಲಿನ ಮಾತು ಸರಿ. ಮರದ ಕೆಲಸದ ಕಡೆಯಿಂದ ಕೆಲವು ಸೇರಿಸುತ್ತೇನೆ.

ತೂಗುತೊಟ್ಟಿಲು ಎರಡು ತುದಿಯ ಗೂಟದ ಮೇಲೆ ನೇತಾಡುತ್ತದೆ. ಮಗು ನಡುವೆ ಅಂಗಾತ ಮಲಗಿದ್ದರೆ ತಳ ಸಮವಾಗಿರುತ್ತದೆ. 7 ಕೆ.ಜಿ. ಒಂದು ಪಕ್ಕಕ್ಕೆ ಹೊರಳಿದರೆ ತೊಟ್ಟಿಲು ಆ ಕಡೆಗೆ ವಾಲಿ ಹಾಗೆಯೇ ನಿಲ್ಲುತ್ತದೆ. ಇಳಿಜಾರಿನಲ್ಲಿ ಮಗು ಇನ್ನಷ್ಟು ಜಾರಿ ಮೂಗು ಬಾಯಿ ಪಟ್ಟಿಗೋ ಹಾಸಿಗೆಗೋ ಒತ್ತಿಕೊಳ್ಳುತ್ತದೆ. ವಾಪಸ್ ಹೊರಳಲು ಬಾರದ ಮಗುವಿಗೆ ಇದೇ ದೊಡ್ಡ ಅಪಾಯ, ಬೀಳುವುದಕ್ಕಿಂತಲೂ. ಹೊಸ ಜಾಗ ಸಿದ್ಧವಾಗುವವರೆಗೆ ತೂಗಾಟ ನಿಲ್ಲಿಸುವ ಕೀಲಿ ಇದ್ದರೆ ಹಾಕಿಯೇ ಇಡಿ. ಇಲ್ಲದಿದ್ದರೆ ಎರಡೂ ತುದಿಯಲ್ಲಿ ಚೌಕಟ್ಟಿಗೂ ತೊಟ್ಟಿಲಿಗೂ ಸೇರಿಸಿ ತೂತು ಕೊರೆದು 8 ಮಿ.ಮೀ. ಬೋಲ್ಟ್ ಹಾಕಿಸಿ. ಒಂದೇ ತುದಿಗೆ ಹಾಕಿದರೆ ಇನ್ನೊಂದು ತುದಿ ತಿರುಚಿಕೊಂಡು ಸಂದು ಸಡಿಲವಾಗುತ್ತದೆ. ಹಗ್ಗ ಕಟ್ಟಿ ನಿಲ್ಲಿಸಬೇಡಿ. ಸಡಿಲವಾಗುತ್ತದೆ, ಮಗುವಿನ ಕೈಗೂ ಸಿಗುತ್ತದೆ.

ಪಟ್ಟಿಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ಮೀರಿದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಪಕ್ಕಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಸಂದು ಮುಚ್ಚಲು ದಿಂಬು ತುರುಕುವುದು, ಮೆತ್ತಗಿರಲಿ ಅಂತ ಕಂಬಳಿ ಮಡಚಿ ಹಾಸುವುದು ಎರಡೂ ಬೇಡ. ಎರಡು ಮಡಿಕೆ ಕಂಬಳಿ ಹಾಕಿದರೆ ನಿಮ್ಮ 25 ಸೆಂ.ಮೀ. 20ಕ್ಕೆ ಇಳಿಯುತ್ತದೆ.

ಮುಂದಕ್ಕೆ ಚಿಕ್ಕ ಕಟಕಟೆ ಮಂಚ ಮಾಡಿಸುವುದಾದರೆ ಒಳಗೆ 97 × 61 ಸೆಂ.ಮೀ. ಸಾಕು. ಈ ಕೋಣೆಗೆ ಹೊಂದುತ್ತದೆ. ಪೂರ್ಣ ಅಳತೆಯದು 133 × 71, ನಿಮಗೆ ಓಡಾಡಲು ಜಾಗ ಉಳಿಯುವುದಿಲ್ಲ. ಹಾಸಿಗೆ ಹಾಸುವ ಹಲಗೆ ಎರಡು ಮಟ್ಟದಲ್ಲಿ ಕೂರುವ ಹಾಗೆ ಮಾಡಿಸಿ. ಮಗು ಕೂರಲು ಕಲಿತ ಕೂಡಲೇ ಕೆಳಗಿನ ಮಟ್ಟಕ್ಕೆ ಇಳಿಸಬೇಕು, ನಿಲ್ಲುವವರೆಗೆ ಕಾಯಬಾರದು. ಒಂದು ಪಕ್ಕ ಕೆಳಗೆ ಜಾರುವ ಹಾಗೆ ಮಾಡಿಕೊಡಿ ಅಂತ ಕೇಳಬೇಡಿ. ಅಂಥ ಜಾರುಪಕ್ಕದ ಮಂಚಗಳನ್ನು ಅಮೆರಿಕದಲ್ಲಿ 2011ರಲ್ಲಿ ನಿಷೇಧಿಸಿದರು. ಕೊಂಡಿ ಸವೆದು ಪಕ್ಕ ಕಳಚಿದಾಗ ಆ ಸಂದಿನಲ್ಲಿ ಮಕ್ಕಳು ಸಿಕ್ಕಿ ಸತ್ತಿದ್ದವು.

ಆ ಚಿಕ್ಕ ಮಂಚವನ್ನೂ ಒಂದು ದಿನ ಬಿಡಿಸಬೇಕಲ್ಲ: ಮಗು ನಿಂತಾಗ ಮೇಲಂಚು ಮೊಲೆತೊಟ್ಟಿನ ಮಟ್ಟಕ್ಕಿಂತ ಕೆಳಗಾದರೆ, ಅಥವಾ ಎತ್ತರ 89 ಸೆಂ.ಮೀ. ಮುಟ್ಟಿದರೆ, ಅಥವಾ ಒಂದು ಸಲ ಕಾಲನ್ನು ಅಂಚಿನ ಮೇಲೆ ಹಾಕಿದರೆ ಸಾಕು, ಅದೇ ಕೊನೆ. ಒಳಗೆ ದೊಡ್ಡ ಬೊಂಬೆ, ದಿಂಬು ಇಟ್ಟರೆ ಅದು ಮೆಟ್ಟಿಲಾಗುತ್ತದೆ.

ತುಂಗಾತೀರ:

ತುಂಬಾ ಉಪಕಾರ ಆಯಿತು. ಕೀಲಿ ಇದೆ, ಈಗಲೇ ಹಾಕಿದೆ. ಇನ್ನೆರಡು ಅನುಮಾನ. ಹಗಲು ನಿದ್ದೆಗೆ ಸ್ಪ್ರಿಂಗ್ ಹಾಕಿದ ಸೀರೆ ಜೋಳಿಗೆ ಕಟ್ಟಬಹುದೇ? ಮಂಚ ಮಾಡಿಸುವವರೆಗೆ ನಮ್ಮ ಮಂಚದ ಮೇಲೆ ಗೋಡೆ ಕಡೆ ಮಲಗಿಸಿ ಇನ್ನೊಂದು ಕಡೆ ದಿಂಬು ಇಟ್ಟರೆ ಸಾಲದೇ?

ಹಸಿರುಕಣಿವೆ:

ಎರಡೂ ಬೇಡ ಅಮ್ಮಾ.

ಜೋಳಿಗೆಯಲ್ಲಿ ಬೆನ್ನು ಬಿಲ್ಲಿನ ಹಾಗೆ ಬಾಗಿ ಗಲ್ಲ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಹೊರಳುವ ಮಗುವಾದರೆ ಮುಖ ಬಟ್ಟೆಗೆ ಹೂತುಹೋಗುತ್ತದೆ, ಕೂರಲು ಹೊರಟರೆ ಬಟ್ಟೆಯ ಅಂಚಿನಿಂದ ಹೊರಗೆ ಬೀಳುತ್ತದೆ ಅಥವಾ ಬಟ್ಟೆ ತಿರುಚಿ ಕುತ್ತಿಗೆಗೆ ಬರುತ್ತದೆ. ಇದನ್ನು ಓದುವ ಬೇರೆ ಮನೆಗಳಲ್ಲಿ ಸ್ಪ್ರಿಂಗ್ ನೇತಾಡುತ್ತಿದ್ದರೆ ಭಾರ ತೆಗೆದು ನೋಡಿ: ಸುರುಳಿಗಳ ನಡುವೆ ಸಂದು ಕಂಡರೆ ಅದು ಸೋತಿದೆ ಎಂದೇ ಅರ್ಥ, ಎಸೆಯಿರಿ.

ಮಂಚದ ಮೇಲೆ ದಿಂಬಿನ ಗೋಡೆ ಗೋಡೆಯಲ್ಲ. ಮಗು ಅದನ್ನು ತಳ್ಳಿ ಬೀಳುತ್ತದೆ, ಇಲ್ಲವೇ ಅದರಲ್ಲಿ ಮುಖ ಇಟ್ಟು ಮಲಗುತ್ತದೆ. ಗೋಡೆ ಮತ್ತು ಹಾಸಿಗೆಯ ನಡುವಿನ ಸಂದು ಇನ್ನೂ ಕೆಟ್ಟದ್ದು, ನೀವು ಹೊರಳಿದಾಗ ಹಾಸಿಗೆ ಸರಿದು ಸಂದು ಅಗಲವಾಗುತ್ತದೆ.

ನೆಲದ ಹಾಸಿಗೆ ಹಾಕಿ. ನಮ್ಮ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಮಂಚ ಮಾಡಿಸದೆಯೂ ನಡೆಯುತ್ತದೆ. ನಿಮ್ಮ ಮಂಚದ ಪಕ್ಕದಲ್ಲೇ, ಅದೇ ಕೋಣೆಯಲ್ಲಿ. ಹಾಸಿಗೆ ಗಟ್ಟಿ ಇರಬೇಕು: ಅಂಗೈಯಿಂದ ಒತ್ತಿ ತೆಗೆದಾಗ ಗುಳಿ ಉಳಿಯಬಾರದು. ತೆಂಗಿನ ನಾರಿನದು ಸರಿ. ನಡುವೆ ತಗ್ಗು ಬಿದ್ದ ಹಳೆಯ ಹತ್ತಿ ಹಾಸಿಗೆ, ಬೂರುಗದ ಹತ್ತಿಯ ಮೆತ್ತನೆ ಹಾಸಿಗೆ ಬೇಡ. ಗೋಡೆಯಿಂದಲೂ ಮಂಚದ ಕಾಲಿನಿಂದಲೂ ಒಂದಡಿಗಿಂತ ಹೆಚ್ಚು ದೂರ ಇರಲಿ, ಸುತ್ತ ಜಮಖಾನ ಹಾಸಿ. ಮೇಲೆ ಬಿಗಿಯಾದ ಒಂದು ಬಟ್ಟೆ ಬಿಟ್ಟು ದಿಂಬು, ರಜಾಯಿ, ಬೊಂಬೆ ಏನೂ ಬೇಡ. ಸೊಳ್ಳೆಪರದೆ ಕಟ್ಟಿದರೆ ಅಂಚು ಹಾಸಿಗೆಯಡಿ ಸೇರಿಸಿ, ಸಡಿಲ ಜೋಲು ಬಿಡಬೇಡಿ. ಮಲೆನಾಡು, ಕರಾವಳಿಯವರು ಹಾಸಿಗೆಯಡಿ ಚಾಪೆ ಹಾಸಿ ಬೆಳಿಗ್ಗೆ ಎರಡನ್ನೂ ಎತ್ತಿ ಗೋಡೆಗೆ ಒರಗಿಸಿಡಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಅಡಿಯಲ್ಲಿ ಬೂಸಲು ಹಿಡಿಯುತ್ತದೆ. ಮಗು ಅಂಬೆಗಾಲಿಡುವ ಮುಂಚೆಯೇ ಕೆಳಗಿನ ಪ್ಲಗ್‌ಗಳಿಗೆ ಮುಚ್ಚಳ ಹಾಕಿ, ಮೊಬೈಲ್ ಚಾರ್ಜರ್ ವೈರ್ ಮೇಲಕ್ಕೆತ್ತಿ, ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ.

ತೂಗಾಟಕ್ಕೆ ಒಗ್ಗಿದ ಮಗು ಮೊದಲ ಕೆಲವು ರಾತ್ರಿ ರಗಳೆ ಮಾಡುತ್ತದೆ. ಹಗಲಿನ ಒಂದು ನಿದ್ದೆಯಿಂದ ಶುರು ಮಾಡಿ. ತೊಟ್ಟಿಲಲ್ಲಿ ಹಾಸುತ್ತಿದ್ದ ಬಟ್ಟೆಯನ್ನೇ ಒಗೆಯದೆ ಹಾಸಿಗೆಗೆ ಬಿಗಿಯಾಗಿ ಹಾಸಿ, ವಾಸನೆ ಪರಿಚಯದ್ದಿರುತ್ತದೆ. ಮಡಿಲಲ್ಲಿ ತೂಗಿ, ಕಣ್ಣು ಎಳೆಯುವಾಗ ಅಂಗಾತ ಮಲಗಿಸಿ, ಎದೆಯ ಮೇಲೆ ಅಂಗೈ ಇಟ್ಟು ಲಾಲಿ ಮುಂದುವರಿಸಿ. ಎರಡು ಮೂರು ದಿನಕ್ಕೊಮ್ಮೆ ತೂಗುವ ಹೊತ್ತು ಕಡಿಮೆ ಮಾಡುತ್ತಾ ಬನ್ನಿ. ಸಾಕಾಗಿ ಒಂದು ರಾತ್ರಿ ಮತ್ತೆ ತೊಟ್ಟಿಲಿಗೆ ಹಾಕಿದರೆ ಎಣಿಕೆ ಮೊದಲಿಂದ.

ಮಲಗಿಸುವುದು ಯಾವಾಗಲೂ ಅಂಗಾತವೇ. ಎರಡೂ ಕಡೆ ಹೊರಳಲು ಕಲಿತ ಮೇಲೆ ತಾನಾಗಿ ಬೋರಲಾದರೆ ಎಬ್ಬಿಸಿ ತಿರುಗಿಸಬೇಕಿಲ್ಲ. ಈಗ ಒಂದೇ ಕಡೆ ಬರುವುದರಿಂದ ಕಂಡಾಗ ತಿರುಗಿಸಿ, ಹಗಲು ಎಚ್ಚರವಿದ್ದಾಗ ನೆಲದ ಮೇಲೆ ಬೋರಲು ಆಡಿಸಿ. ಅಲ್ಲೇ ಬೇಗ ಕಲಿಯುತ್ತಾಳೆ.

ಬಡಗಿಮನೆ:

ತೊಟ್ಟಿಲನ್ನು ಮುಂದಿನ ಮಗುವಿಗೆ ಎತ್ತಿಡುವುದಾದರೆ ಬಿಚ್ಚಿ, ಬೋಲ್ಟು ವಾಷರು ಎಲ್ಲ ಒಂದು ಚೀಲಕ್ಕೆ ಹಾಕಿ ಚೌಕಟ್ಟಿಗೇ ಕಟ್ಟಿ. ಮತ್ತೆ ಜೋಡಿಸುವಾಗ ಕಂಡ ಕಂಡ ಬೋಲ್ಟು ಹಾಕುವುದರಿಂದಲೇ ಗೂಟ ಹಾಳಾಗುವುದು. ಜೋಡಿಸಿದ ಮೇಲೆ 10 ಕೆ.ಜಿ.ಯ ಅಕ್ಕಿ ಚೀಲ ಎರಡು ಇಟ್ಟು ಹತ್ತು ನಿಮಿಷ ತೂಗಿ. ಕಿರುಗುಟ್ಟಿದರೆ, ಗೂಟದ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಗೂಟ ಬದಲಿಸದೆ ಮಗುವನ್ನು ಹಾಕಬೇಡಿ.