ಐರನ್ ಹೆಡ್‌ಗೆ ಹೊಸ ಫಿನಿಷ್: ಕ್ರೋಮ್ ತೆಗೆಸಿ ಕಪ್ಪು ಮಾಡಿಸುವ ಮುಂಚೆ

ಗಾಲ್ಫ್ ಐರನ್, ಅಂದರೆ ಲೋಹದ ಚಪ್ಪಟೆ ಹೆಡ್ ಇರುವ ಕ್ಲಬ್‌ಗಳ ಹಳೆ ಕ್ರೋಮ್ ತೆಗೆಸಿ ಹೊಸ ಫಿನಿಷ್ ಮಾಡಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ವಾರ ಉತ್ತರ ಕೊಡುತ್ತಿರುವವರು ಇಬ್ಬರು ಸದಸ್ಯರು. ಒಬ್ಬರು ಪೀಣ್ಯದಲ್ಲಿ ಪ್ಲೇಟಿಂಗ್ ಮತ್ತು ಹೀಟ್ ಟ್ರೀಟ್‌ಮೆಂಟ್ ನೋಡಿಕೊಳ್ಳುವವರು, ಇನ್ನೊಬ್ಬರು ದೊಮ್ಮಲೂರು ಕಡೆ ಗಾಲ್ಫ್ ಕ್ಲಬ್ ರಿಪೇರಿ ಮಾಡುವವರು.

ಪ್ರಶ್ನೆ: ಸರ್, ನನ್ನದು ಫೋರ್ಜ್ಡ್ ಬ್ಲೇಡ್ (ಕಾಯಿಸಿ ಬಡಿದು ಮಾಡಿದ ತೆಳು ಹೆಡ್) ಸೆಟ್, 4ನೇ ನಂಬರ್‌ನಿಂದ ಪಿಚಿಂಗ್ ವೆಜ್‌ವರೆಗೆ 7 ಹೆಡ್. ಹೆಡ್‌ನ ತಳ, ಅಂದರೆ ಸೋಲ್ ಹತ್ತಿರ ಕ್ರೋಮ್ ಸಿಪ್ಪೆ ಎದ್ದು ಒಳಗೆ ತುಕ್ಕು ಕಾಣುತ್ತಿದೆ. ಪೂರ್ತಿ ಕಪ್ಪು ಮಾಡಿಸಬೇಕು, ಬಾಳಿಕೆ ಬರಬೇಕು. ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಹಚ್ಚಿದರೆ ಸಾಕಾಗಲ್ವಾ?

ಪೀಣ್ಯ: ಸಾಕಾಗಲ್ಲ ಸರ್. ಕ್ರೋಮ್ ಮೇಲೆ ಅದು ಹಿಡಿಯೋದೇ ಇಲ್ಲ. ಬರಿ ಕಬ್ಬಿಣದ ಮೇಲೆ ಹಿಡಿದರೂ ಅದು ಸೆಲೆನಿಯಂ, ತಾಮ್ರದ ತೆಳು ಪದರ ಅಷ್ಟೇ. ಬಂಕರ್ ಮರಳು ನಾಲ್ಕು ಸಲ ಉಜ್ಜಿದರೆ ಸೋಲ್ ಮತ್ತೆ ಬೆಳ್ಳಗಾಗುತ್ತೆ. ಪೀಣ್ಯದಲ್ಲಿ ‘ಬ್ಲ್ಯಾಕೊಡೈಸಿಂಗ್’ ಅಂತ ಮಾಡ್ತಾರಲ್ಲ, ಕಾಸ್ಟಿಕ್ ಸೋಡಾ ಬಾತ್‌ನಲ್ಲಿ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅದು ಇದಕ್ಕಿಂತ ವಾಸಿ. ಆದರೆ ಅದೂ ಒಂದು ಮೈಕ್ರಾನ್ ಲೆಕ್ಕದ ಪದರ. ತುಕ್ಕು ತಡೆಯೋದು ಮೇಲೆ ಹಚ್ಚಿದ ಎಣ್ಣೆಯೇ ಹೊರತು ಕಪ್ಪು ಬಣ್ಣವಲ್ಲ.

ಕಾರ್ಬನ್ ಸ್ಟೀಲ್ ಬ್ಲೇಡ್‌ಗೆ ನಾನು ಹೇಳೋದು ಕ್ಯೂಪಿಕ್ಯೂ, ಅಂದರೆ ಸಾಲ್ಟ್ ಬಾತ್ ನೈಟ್ರೈಡಿಂಗ್: ಕಾದು ಕರಗಿದ ಉಪ್ಪಿನಲ್ಲಿ ಮುಳುಗಿಸಿ ಲೋಹದ ಮೈಗೆ ನೈಟ್ರೋಜನ್ ಇಳಿಸೋದು. ಹಳಬರು ಟಫ್‌ಟ್ರೈಡಿಂಗ್ ಅಂತಾರೆ. ಇದು ಮೇಲೆ ಬಳಿಯೋ ಪದರ ಅಲ್ಲ, ಲೋಹದ ಮೈಯೇ ಬದಲಾಗೋದು. ಅದಕ್ಕೆ ಸಿಪ್ಪೆ ಏಳೋ ಪ್ರಶ್ನೆ ಬರಲ್ಲ. ಆದರೆ ಮೊದಲು ಹೆಡ್ ಯಾವ ಲೋಹ ಅಂತ ಗೊತ್ತಾಗಬೇಕು.

ಪ್ರಶ್ನೆ: ಅದನ್ನ ಹೇಗೆ ಗೊತ್ತುಮಾಡಿಕೊಳ್ಳೋದು? ಮ್ಯಾಗ್ನೆಟ್ ಹಿಡಿದರೆ ಎಲ್ಲ ಹೆಡ್‌ಗೂ ಅಂಟಿಕೊಳ್ಳುತ್ತೆ.

ಪೀಣ್ಯ: ಅಂಟೇ ಅಂಟುತ್ತೆ. ಐರನ್‌ಗೆ ಬಳಸುವ 17-4 ಮತ್ತು 431 ಸ್ಟೇನ್‌ಲೆಸ್ ಎರಡಕ್ಕೂ ಮ್ಯಾಗ್ನೆಟ್ ಹಿಡಿಯುತ್ತೆ, ಹಾಗಾಗಿ ಮ್ಯಾಗ್ನೆಟ್ ಬಿಡಿ. ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ ಸಿಗುತ್ತೆ, ಒಂದು ಚಿಟಿಕೆ ಸಾಕು, ಎರಡು ಚಮಚ ನೀರಲ್ಲಿ ಕರಗಿಸಿ. ಕ್ಲಬ್‌ನ ಕೋಲು, ಅಂದರೆ ಶಾಫ್ಟ್, ಬಿಚ್ಚಿದ ಮೇಲೆ ಅದು ಕೂರುವ ಹೊಸೆಲ್ ಕೊಳವೆ ಒಳಗೆ ಅರದಿಂದ ಸ್ವಲ್ಪ ಉಜ್ಜಿ ಹೊಳಪು ಬರಿಸಿ, ಅಸಿಟೋನ್‌ನಿಂದ ಒರೆಸಿ, ಕಿವಿ ಸ್ವಚ್ಛ ಮಾಡೋ ಹತ್ತಿಕಡ್ಡಿಯಲ್ಲಿ ಒಂದು ಹನಿ ಮುಟ್ಟಿಸಿ. ಕೆಲವೇ ಸೆಕೆಂಡಿನಲ್ಲಿ ಆ ಜಾಗ ತಾಮ್ರದ ಕೆಂಪಾದರೆ ಕಾರ್ಬನ್ ಸ್ಟೀಲ್. ಹಾಗೇ ಬೆಳ್ಳಗೆ ಉಳಿದರೆ ಸ್ಟೇನ್‌ಲೆಸ್. ಆಮೇಲೆ ನೀರಿನಿಂದ ತೊಳೆದು ಒಣಗಿಸಿ, ಇಲ್ಲದಿದ್ದರೆ ಆ ಹನಿಯೇ ತುಕ್ಕು ಶುರು ಮಾಡುತ್ತೆ.

ಪ್ರಶ್ನೆ: ನಂದು 17-4 ಸ್ಟೇನ್‌ಲೆಸ್ ಕ್ಯಾವಿಟಿ ಬ್ಯಾಕ್ (ಹೆಡ್ ಹಿಂಭಾಗದಲ್ಲಿ ಗುಳಿ ಇರೋದು). ಅದಕ್ಕೂ ಕ್ಯೂಪಿಕ್ಯೂ ಮಾಡಿಸಬಹುದಾ?

ಪೀಣ್ಯ: ಬೇಡ ಮೇಡಂ. ಎರಡು ಕಾರಣ. 17-4 ಗಟ್ಟಿಯಾಗೋದು ಏಜಿಂಗ್‌ನಿಂದ (ಹದವಾದ ಶಾಖದಲ್ಲಿ ಸ್ವಲ್ಪ ಹೊತ್ತು ಇಡೋದು), ಎಚ್900 ಸ್ಥಿತಿ ಅಂದರೆ 482 ಡಿಗ್ರಿಯಲ್ಲಿ. ನೈಟ್ರೈಡಿಂಗ್ ಬಾತ್ 570-580 ಡಿಗ್ರಿ. ಆ ಶಾಖಕ್ಕೆ ಒಳಗಿನ ಗಟ್ಟಿತನ ಇಳಿಯುತ್ತೆ. ಇನ್ನೊಂದು, ಸ್ಟೇನ್‌ಲೆಸ್‌ನ ಕ್ರೋಮಿಯಂ ನೈಟ್ರೋಜನ್ ಜೊತೆ ಸೇರಿಬಿಟ್ಟರೆ ತುಕ್ಕು ಹಿಡಿಯದ ಗುಣವೂ ಕಡಿಮೆಯಾಗುತ್ತೆ. ದುಡ್ಡು ಕೊಟ್ಟು ತುಕ್ಕು ತರಿಸಿಕೊಂಡ ಹಾಗೆ. ಸ್ಟೇನ್‌ಲೆಸ್‌ಗೆ ಕಡಿಮೆ ಶಾಖದ ಪಿವಿಡಿ (ಗಾಳಿ ತೆಗೆದ ಚೇಂಬರ್‌ನಲ್ಲಿ ಲೋಹದ ಆವಿಯಿಂದ ಕೂರಿಸುವ ತೆಳು ಪದರ) ಸರಿ. ಟೂಲ್ ಕೋಟಿಂಗ್ ಮಾಡುವವರ ಹತ್ತಿರ ‘ಚೇಂಬರ್ 200 ಡಿಗ್ರಿ ದಾಟಬಾರದು’ ಅಂತ ಕೇಳಿ. ಟೂಲ್‌ಗೆ ಹಾಕುವ ಮಾಮೂಲಿ ಟೈಟಾನಿಯಂ ನೈಟ್ರೈಡ್ 400-500 ಡಿಗ್ರಿಯಲ್ಲಿ ಓಡುತ್ತೆ, ಅದರ ಜೊತೆ ನಿಮ್ಮ ಹೆಡ್ ಸೇರಿಸಲು ಬಿಡಬೇಡಿ.

ದೊಮ್ಮಲೂರು: ಒಂದು ಮಾತು ಸೇರಿಸ್ತೀನಿ. ಒಳಗೆ ಟೊಳ್ಳಿರೋದು, ಒಳಗೆ ಜೆಲ್ ಅಥವಾ ಫೋಮ್ ತುಂಬಿರೋದು, ಅಂಟಿಸಿದ ಟಂಗ್ಸ್ಟನ್ ತುಂಡು, ಹಿಂದೆ ಪ್ಲಾಸ್ಟಿಕ್ ಬ್ಯಾಡ್ಜ್ ಇರೋದು, ಇವು ಯಾವುದನ್ನೂ ಸಾಲ್ಟ್ ಬಾತ್‌ಗೂ ಪಿವಿಡಿ ಚೇಂಬರ್‌ಗೂ ಹಾಕೋ ಹಾಗಿಲ್ಲ. ಟೊಳ್ಳು ಹೆಡ್ ಒಳಗೆ ಉಪ್ಪು ನುಗ್ಗಿದರೆ ಆಚೆ ತೆಗೆಯೋಕೆ ದಾರಿಯೇ ಇಲ್ಲ. ತಿಂಗಳ ನಂತರ ಸಂದಿಯಿಂದ ಬಿಳಿ ಪುಡಿ ಒಸರುತ್ತೆ. ಬ್ಯಾಡ್ಜ್ ಮಾತ್ರ ಹೀಟ್ ಗನ್‌ನಿಂದ ಬಿಚ್ಚಿ ಆಮೇಲೆ ಮತ್ತೆ ಅಂಟಿಸಬಹುದು.

ಪ್ರಶ್ನೆ: ಕಾರ್ಬನ್ ಸ್ಟೀಲ್ ಸೆಟ್ ಅಂತ ಗೊತ್ತಾಯ್ತು. ಮುಂದೆ ಯಾವ ಕ್ರಮದಲ್ಲಿ?

ದೊಮ್ಮಲೂರು: ಮೊದಲು ಪ್ರತಿ ಹೆಡ್‌ನ ಲಾಫ್ಟ್ (ಮುಖದ ಓರೆ ಕೋನ), ಲೈ (ನೆಲಕ್ಕೆ ಶಾಫ್ಟ್‌ನ ಕೋನ), ಶಾಫ್ಟ್ ಬಿಚ್ಚಿದ ಮೇಲೆ ಹೆಡ್‌ನ ತೂಕ ಬರೆದಿಟ್ಟುಕೊಳ್ಳಿ. ತೂಕದ ಕಾಟಾ 0.1 ಗ್ರಾಂ ತೋರಿಸಬೇಕು. ಸ್ಟೀಲ್ ಶಾಫ್ಟ್ ಆದರೆ ಹೊಸೆಲ್‌ಗೆ ಹೀಟ್ ಗನ್ ಹಿಡಿದು ತಿರುಚಿದರೆ ಎಪಾಕ್ಸಿ ಅಂಟು ಬಿಡುತ್ತೆ. ಗ್ರ್ಯಾಫೈಟ್ ಆದರೆ ತಿರುಚಲೇಬೇಡಿ, ಶಾಫ್ಟ್ ಪುಲ್ಲರ್‌ನಲ್ಲಿ ನೇರವಾಗಿ ಎಳೆಯಬೇಕು, ಶಾಖ ಹೊಸೆಲ್‌ಗೆ ಮಾತ್ರ ತಾಗಬೇಕು. ಟಿಪ್ (ತುದಿ) ಸುಟ್ಟರೆ ಶಾಫ್ಟ್ ಮುಗೀತು.

ಆಮೇಲೆ ಲಾಫ್ಟ್, ಲೈ ಬಗ್ಗಿಸೋದು ಇದ್ದರೆ ಈಗಲೇ ಬಗ್ಗಿಸಿ. ಇದನ್ನ ಬಹಳ ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ. ನೈಟ್ರೈಡ್ ಆದ ಮೇಲೆ ಹೊಸೆಲ್ ಬುಡದಲ್ಲಿ ಬಗ್ಗಿಸಿದರೆ ಮೇಲಿನ ಗಟ್ಟಿ ಪದರ ಕೂದಲೆಳೆಯಷ್ಟು ಬಿರುಕು ಬಿಟ್ಟು ಅಲ್ಲಿಂದಲೇ ತುಕ್ಕು ಹತ್ತುತ್ತೆ.

ಪೀಣ್ಯ: ಇನ್ನು ಪ್ಲೇಟಿಂಗ್ ತೆಗೆಯೋದು. ನಿಮ್ಮ ಹೆಡ್ ಮೇಲೆ ಇರೋದು ಬರಿ ಕ್ರೋಮ್ ಅಲ್ಲ. ಮೇಲೆ ಅರ್ಧ ಮೈಕ್ರಾನ್ ಕೂಡ ಇಲ್ಲದ ಕ್ರೋಮ್, ಅದರ ಕೆಳಗೆ ದಪ್ಪ ನಿಕಲ್, ಕೆಲವು ಸೆಟ್‌ನಲ್ಲಿ ಅದಕ್ಕೂ ಕೆಳಗೆ ತಾಮ್ರ. ಕ್ರೋಮ್ ಅರ್ಧಕ್ಕರ್ಧ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನಿಮಿಷಗಳಲ್ಲಿ ಹೋಗುತ್ತೆ. ನಿಕಲ್ ಹಾಗೆ ಹೋಗಲ್ಲ, ಕಬ್ಬಿಣಕ್ಕೆ ಏನೂ ಆಗದ ಹಾಗೆ ನಿಕಲ್ ಮಾತ್ರ ತೆಗೆಯುವ ಸ್ಟ್ರಿಪ್ಪರ್ ದ್ರಾವಣ ಬೇರೆ ಇದೆ. ಇದನ್ನ ಮನೆಯ ಬಾಲ್ಕನಿಯಲ್ಲಿ ಬಕೆಟ್ ಇಟ್ಟುಕೊಂಡು ಮಾಡಬೇಡಿ. ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ನಿಕಲ್ ಕರಗಿದ ನೀರನ್ನ ಚರಂಡಿಗೆ ಬಿಡೋದು ಕಾನೂನಿಗೆ ವಿರುದ್ಧ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ನೀರು ಶುದ್ಧೀಕರಣದ ಘಟಕ ಇರೋ ಕಡೆಯೇ ಕೊಡಿ.

ತೆಗೆದು ಬಂದ ಹೆಡ್ಡನ್ನ ಬಿಸಿಲಲ್ಲಿ ಓರೆ ಹಿಡಿದು ನೋಡಿ. ನಿಕಲ್ ಉಳಿದಿದ್ದರೆ ಸ್ವಲ್ಪ ಹಳದಿ ಛಾಯೆಯ ಬಿಳಿ ತೇಪೆ ಕಾಣುತ್ತೆ, ಅದು ಹೆಚ್ಚಾಗಿ ಉಳಿಯೋದು ನಂಬರ್ ಕೆತ್ತಿದ ಗುಳಿ ಮತ್ತು ಹೊಸೆಲ್ ಬುಡದಲ್ಲಿ. ನಿಕಲ್, ತಾಮ್ರ ಇದ್ದ ಜಾಗಕ್ಕೆ ನೈಟ್ರೋಜನ್ ಇಳಿಯಲ್ಲ. ಬೇಕಂತಲೇ ಒಂದು ಜಾಗ ಗಟ್ಟಿಯಾಗಬಾರದು ಅಂದರೆ ಅಲ್ಲಿ ತಾಮ್ರ ಪ್ಲೇಟ್ ಮಾಡೋ ಪದ್ಧತಿಯೇ ಇದೆ. ‘ಕ್ಯೂಪಿಕ್ಯೂ ಮಾಡಿಸಿದೆ, ಮಚ್ಚೆ ಮಚ್ಚೆ ಬಂತು’ ಅನ್ನೋ ದೂರುಗಳಲ್ಲಿ ಬಹುಪಾಲು ಇದೇ ಕಥೆ. ಮೈಲುತುತ್ತದ ಹನಿ ಇಲ್ಲೂ ಕೆಲಸಕ್ಕೆ ಬರುತ್ತೆ: ಕೆಂಪಾಗದ ಜಾಗದಲ್ಲಿ ನಿಕಲ್ ಇನ್ನೂ ಇದೆ. ಕೆಂಪಾಗಿದ್ದನ್ನ ಎಮೆರಿಯಿಂದ ಪೂರ್ತಿ ಉಜ್ಜಿ ತೆಗೆದೇ ಮುಂದಕ್ಕೆ ಹೋಗಬೇಕು, ಅದೂ ತಾಮ್ರವೇ ತಾನೇ.

ಬಫಿಂಗ್‌ಗೆ 120, 240, 400, 600 ಎಮೆರಿ, ಆಮೇಲೆ ಬಟ್ಟೆ ಚಕ್ರ. ಕನ್ನಡಿಯಂತೆ ಮಾಡಿದರೆ ಹೊಳೆಯುವ ಕಪ್ಪು, ಗ್ಲಾಸ್ ಬೀಡ್ ಹೊಡೆಸಿದರೆ ಮ್ಯಾಟ್ ಕಪ್ಪು. ನನ್ನ ಓಟು ಮ್ಯಾಟ್‌ಗೆ, ಬಿಸಿಲಲ್ಲಿ ಕಣ್ಣಿಗೆ ಹೊಡೆಯಲ್ಲ, ಸಣ್ಣ ಗೀರು ಎದ್ದು ಕಾಣಲ್ಲ. ತುಕ್ಕಿನ ಗುಳಿ ಉಳಿಸಿ ಕೊಟ್ಟರೆ ಅದು ಗುಳಿಯಾಗಿಯೇ ಉಳಿಯುತ್ತೆ, ಯಾವ ಫಿನಿಷೂ ಅದನ್ನ ಮುಚ್ಚಲ್ಲ.

ದೊಮ್ಮಲೂರು: ಫೇಸ್ (ಚೆಂಡಿಗೆ ತಾಗುವ ಮುಖ) ಮೇಲೆ ಬಫ್ ಚಕ್ರ ತಾಗಿಸಬೇಡಿ ಅಂತ ಬಾಯಲ್ಲಿ ಹೇಳಿದರೆ ಸಾಲದು, ಫೇಸ್‌ಗೆ ಟೇಪ್ ಸುತ್ತಿ ಕೊಡಿ. ಬಫಿಂಗ್ ಮಾಡೋರಿಗೆ ಎಲ್ಲವೂ ಹೊಳೆಯಬೇಕು ಅನ್ನೋ ಹಟ. ಗ್ರೂವ್ (ಫೇಸ್ ಮೇಲಿನ ಗೆರೆ) ಅಂಚು, ಲೀಡಿಂಗ್ ಎಡ್ಜ್ (ಫೇಸ್‌ನ ಕೆಳಗಿನ ಅಂಚು) ಎರಡೂ ದುಂಡಗಾಗಿ ಬರುತ್ತವೆ.

ಪ್ರಶ್ನೆ: ಪೌಡರ್ ಕೋಟಿಂಗ್ ಕಡಿಮೆ ದುಡ್ಡಿಗೆ ಆಗುತ್ತೆ, ಬೇಕಾದ ಬಣ್ಣ ಸಿಗುತ್ತೆ ಅಂತಾರಲ್ಲ?

ದೊಮ್ಮಲೂರು: ಗೇಟಿಗೆ, ಗ್ರಿಲ್‌ಗೆ ಚೆನ್ನಾಗಿರುತ್ತೆ. ಪದರ 60-80 ಮೈಕ್ರಾನ್. ನಿಯಮದ ಪ್ರಕಾರ ಗ್ರೂವ್ ಅಗಲ ಹೆಚ್ಚೆಂದರೆ 0.9 ಮಿಲಿಮೀಟರ್, ಆಳ 0.5 ಮಿಲಿಮೀಟರ್. ಎರಡೂ ಗೋಡೆಗೆ ಬಳಿದರೆ ಅಗಲದಲ್ಲಿ 0.15 ಮಿಲಿಮೀಟರ್ ಆಸುಪಾಸು ಹೋಯ್ತು, ಕರಗಿದ ಪುಡಿ ತಳದಲ್ಲೂ ನಿಲ್ಲುತ್ತೆ. ಮೊದಲ ದಿನದ ಕಲ್ಲಿನ ಏಟಿಗೇ ಸೋಲ್‌ನಲ್ಲಿ ಚೂರು ಹಾರುತ್ತೆ. ಬಣ್ಣವೇ ಬೇಕು ಅಂದರೆ ಸೆರಾಕೋಟ್ ತರಹದ ಸೆರಾಮಿಕ್ ಬಣ್ಣ, 25 ಮೈಕ್ರಾನ್ ಆಸುಪಾಸು, 120 ಡಿಗ್ರಿಯಲ್ಲಿ 2 ಗಂಟೆ ಬೇಯಿಸಿದರೆ ಸಾಕು. 100 ಗ್ರಿಟ್ ಅಲ್ಯೂಮಿನಿಯಂ ಆಕ್ಸೈಡ್‌ನಲ್ಲಿ ಬ್ಲಾಸ್ಟ್ ಮಾಡಿದ ಮೈಗೆ ಮಾತ್ರ ಅದು ಕಚ್ಚುತ್ತೆ. ಫೇಸ್ ಮುಚ್ಚಿ ಹಿಂಭಾಗಕ್ಕೆ ಮಾತ್ರ ಹೊಡೆಸಿ. ಹಿಂಭಾಗ ವರ್ಷಗಟ್ಟಲೆ ಇರುತ್ತೆ, ಸೋಲ್ ಸವೆಯುತ್ತೆ. ಅದನ್ನ ಒಪ್ಪಿಕೊಂಡೇ ಮಾಡಿಸಿ.

ಪ್ರಶ್ನೆ: ಚಿನ್ನದ ಬಣ್ಣದ ಪಿವಿಡಿ ಫೋರ್ಜ್ಡ್ ಹೆಡ್‌ಗೆ ನೇರವಾಗಿ ಹಾಕಿಸಬಹುದಾ? ಅದು 2000 ಎಚ್‌ವಿ (ಗಟ್ಟಿತನದ ಅಳತೆ) ಗಟ್ಟಿ ಅಂತ ಓದಿದೆ.

ಪೀಣ್ಯ: ಪದರ ಗಟ್ಟಿ, ಕೆಳಗಿನ ಕಬ್ಬಿಣ ಮೆತ್ತಗೆ. ಎರಡು ಮೂರು ಮೈಕ್ರಾನ್‌ನ ಆ ಪದರ ಹಾಸಿಗೆ ಮೇಲಿಟ್ಟ ಗಾಜಿನ ಹಾಗೆ, ಕಲ್ಲು ಬಡಿದು ಕಬ್ಬಿಣ ತಗ್ಗಾದರೆ ಮೇಲಿನದು ಒಡೆಯುತ್ತೆ. ಮೇಲಾಗಿ ಪಿವಿಡಿಯಲ್ಲಿ ಸೂಜಿಮೊನೆ ರಂಧ್ರಗಳು ಇದ್ದೇ ಇರುತ್ತವೆ, ಮಳೆಗಾಲದಲ್ಲಿ ಅಲ್ಲಿಂದ ಕೆಂಪು ಚುಕ್ಕಿ ಏಳುತ್ತೆ. ಅದಕ್ಕೇ ಕೆಳಗೆ ಎಲೆಕ್ಟ್ರೋಲೆಸ್ ನಿಕಲ್ 12-15 ಮೈಕ್ರಾನ್ ಹಾಕಿಸಿ. ಕರೆಂಟ್ ಕೊಟ್ಟು ಮಾಡುವ ಪ್ಲೇಟಿಂಗ್ ಅಂಚಿನಲ್ಲಿ ದಪ್ಪ, ಗ್ರೂವ್ ತಳದಲ್ಲಿ ತೆಳು ಕೂರುತ್ತೆ. ಎಲೆಕ್ಟ್ರೋಲೆಸ್ ಎಲ್ಲ ಕಡೆ ಒಂದೇ ಸಮ. ಬರಿ ಆ ನಿಕಲ್‌ನಲ್ಲೇ ನಿಲ್ಲಿಸಿದರೂ ಸೆಟ್ ಚೆಂದ ಕಾಣುತ್ತೆ, ತಿಳಿ ಬೂದು ಬೆಳ್ಳಿ ಬಣ್ಣ.

ಪ್ರಶ್ನೆ: ಕ್ಯೂಪಿಕ್ಯೂಗೆ ಕೊಡುವಾಗ ಚಲನ್‌ನಲ್ಲಿ ಏನು ಬರೆಯಬೇಕು? ‘ಕಪ್ಪು ಮಾಡಿ’ ಅಂದರೆ ಏನೋ ಮಾಡಿ ಕೊಡ್ತಾರೆ.

ಪೀಣ್ಯ: ಹೀಗೆ ಬರೆಯಿರಿ: ‘ಲೋ ಕಾರ್ಬನ್ ಸ್ಟೀಲ್, ಫೋರ್ಜಿಂಗ್, 7 ನಂಬರ್. ಸಾಲ್ಟ್ ಬಾತ್ ನೈಟ್ರೋಕಾರ್ಬುರೈಸಿಂಗ್ 570-580 ಡಿಗ್ರಿ, 90 ನಿಮಿಷ. ಕಾಂಪೌಂಡ್ ಲೇಯರ್ 10-15 ಮೈಕ್ರಾನ್. ಆಕ್ಸಿಡೇಷನ್, ಪಾಲಿಷ್, ಮತ್ತೆ ಆಕ್ಸಿಡೇಷನ್. ತಂತಿಯಲ್ಲಿ ತೂಗುಹಾಕಿ, ಬುಟ್ಟಿಗೆ ಸುರಿಯಬೇಡಿ.’ ಕೊನೆಯ ಸಾಲು ಮುಖ್ಯ, ಬೋಲ್ಟ್‌ಗಳ ಜೊತೆ ಬುಟ್ಟಿಗೆ ಬಿದ್ದರೆ ಟಾಪ್‌ಲೈನ್ (ಹೆಡ್‌ನ ಮೇಲಂಚು) ತುಂಬ ತಗ್ಗು. ಮ್ಯಾಟ್ ಬೇಕಾದವರು ಮಧ್ಯದ ಪಾಲಿಷ್ ಬೇಡ ಅಂತ ಬರೆಯಿರಿ. ಇನ್ನೊಂದು, ಜಾಬ್ ವರ್ಕ್ ರೇಟು ಕಿಲೋ ಲೆಕ್ಕ, ಏಳು ಹೆಡ್ ಸೇರಿ 2 ಕಿಲೋ ಕೂಡ ತೂಗಲ್ಲ. ಹಾಗಾಗಿ ನೀವು ಕೊಡೋದು ಕನಿಷ್ಠ ಲಾಟ್ ಚಾರ್ಜು. ಇಬ್ಬರು ಮೂವರು ಸೇರಿ ಕೊಡಿಸಿದರೆ ಹಗುರಾಗುತ್ತೆ, ಹೆಡ್ ಮೇಲೆ ಗುರುತಿನ ತಂತಿ ಕಟ್ಟಿ.

ಪ್ರಶ್ನೆ: ಪ್ಲೇಟಿಂಗ್ ತೆಗೆದರೆ ತೂಕ ಇಳಿದು ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನಿಸುತ್ತೆ ಅನ್ನೋ ಅಳತೆ) ಕೆಡಲ್ವಾ?

ದೊಮ್ಮಲೂರು: 20 ಮೈಕ್ರಾನ್ ನಿಕಲ್ ಅಂದರೆ ಒಂದು ಹೆಡ್‌ಗೆ ಸುಮಾರು 2 ಗ್ರಾಂ, ಅಂದರೆ ಒಂದು ಪಾಯಿಂಟ್. ಬಫಿಂಗ್‌ನಲ್ಲಿ ಇನ್ನೊಂದೆರಡು ಗ್ರಾಂ ಹೋಗಬಹುದು. ಮೊದಲೇ ಬರೆದಿಟ್ಟ ತೂಕ ನೋಡಿಕೊಂಡು, ಶಾಫ್ಟ್ ಟಿಪ್‌ಗೆ ಹಿತ್ತಾಳೆ ವೇಟ್ ಹಾಕಿ ಸರಿಮಾಡಿ. ಒಂದರಿಂದ ಒಂದಕ್ಕೆ ಹೆಡ್ ತೂಕ 7 ಗ್ರಾಂ ಆಸುಪಾಸು ಏರುತ್ತಾ ಹೋಗಬೇಕು, ಆ ಏಣಿ ತಪ್ಪಬಾರದು.

ಜೋಡಿಸುವಾಗ ಹೊಸೆಲ್ ಒಳಗಿನ ಕಪ್ಪನ್ನ ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಎಣ್ಣೆ ಪಸೆ ಇದ್ದರೆ ಎಪಾಕ್ಸಿ ಹಿಡಿಯಲ್ಲ, ಆಡುವಾಗ ಹೆಡ್ ಹಾರಿಹೋಗುತ್ತೆ. ಅಸಿಟೋನ್ ಹಾಕಿ ಒರೆಸಿ, ಟಿಪ್‌ನ 30 ಮಿಲಿಮೀಟರ್ ಒರಟು ಮಾಡಿ, ಎಪಾಕ್ಸಿ ಹಾಕಿ 24 ಗಂಟೆ ಬಿಡಿ. ನಂಬರ್‌ಗೆ ಬಣ್ಣ ತುಂಬೋದು ಎಲ್ಲಕ್ಕಿಂತ ಕೊನೆಗೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒದ್ದೆ ಟವೆಲ್, ಒದ್ದೆ ಕವರ್ ಒಳಗೆ ಹೆಡ್ ಬಿಡಬೇಡಿ. ಆಟ ಮುಗಿದ ಮೇಲೆ ಗ್ರೂವ್‌ನ ಕೆಂಪು ಮಣ್ಣು ನೈಲಾನ್ ಬ್ರಷ್‌ನಲ್ಲಿ ತೆಗೆದು, ಹೊಲಿಗೆ ಮಷೀನ್ ಎಣ್ಣೆ ಸವರಿ ಒರೆಸಿದರೆ ಆಯ್ತು.