ರಬ್ಬರ್ ಮೀನನ್ನು ಗಾಳಕ್ಕೆ ಪೋಣಿಸುವುದೋ, ಸಿಕ್ಕಿಸುವುದೋ?

ಒಂದು ಕ್ರಿಯಾಪದಕ್ಕೆ ತಡಕಾಡುತ್ತಿದ್ದೇನೆ. ಉಡುಪಿ ಕಡೆಯ ಕೋಡಿಬೆಂಗ್ರೆ ಅಳಿವೆಯಲ್ಲಿ ಗಾಳ ಹಾಕುವ ಹುಡುಗರಿಗಾಗಿ ಎರಡು ಪುಟ ಬರೆಯುವ ಕೆಲಸ ಹಿಡಿದಿದ್ದೇನೆ. ಎರೆಯ ಬದಲು ಬಳಸುವ ಮೆತ್ತನೆ ಪ್ಲಾಸ್ಟಿಕ್ ಮೀನನ್ನು, ಅಂದರೆ ರಬ್ಬರ್ ಮೀನನ್ನು, ಗಾಳಕ್ಕೆ ಹೇಗೆ ಹಾಕಿದರೆ ಅದು ನೀರಲ್ಲಿ ನಿಜವಾದ ಮೀನಿನ ಹಾಗೆ ಹೋಗುತ್ತದೆ ಅನ್ನುವುದು ವಿಷಯ. ಹುಡುಗರು 'ರಿಗ್ ಮಾಡು' ಅನ್ನುತ್ತಾರೆ. ನನಗೆ ಕನ್ನಡದ್ದೇ ಬೇಕು.

ಎರೆಹುಳುವಿಗಾದರೆ 'ಸಿಕ್ಕಿಸು' ಸಾಕು. ಹೇಗೆ ಸಿಕ್ಕಿಸಿದರೂ ಅದು ತಾನೇ ಒದ್ದಾಡುತ್ತದೆ. ರಬ್ಬರ್ ಮೀನಿಗೆ ಜೀವ ಇಲ್ಲವಲ್ಲ, ನಾವು ಹಾಕಿದ ಹಾಗೇ ಅದರ ನಡೆ. ಮೊದಲು ಗಾಳವನ್ನು ಮೀನಿನ ಪಕ್ಕ ಹಿಡಿದು, ಬಾಗು ಎಲ್ಲಿಗೆ ಬರುತ್ತದೆ ಅಂತ ನೋಡಿ ಅಲ್ಲಿ ಉಗುರಲ್ಲಿ ಗೀರಬೇಕು. ಮೊನೆ ಮೂತಿಯ ನಟ್ಟನಡುವೆ ಹೊಕ್ಕು, ಬೆನ್ನಿನ ನಡುಗೆರೆಯಲ್ಲಿ, ಆ ಗೀರಿನ ಹತ್ತಿರವೇ ಹೊರಗೆ ಬರಬೇಕು. ಬಾಲದ ಕಡೆ ಜಾಸ್ತಿ ಸರಿದರೆ ಮೈ ಮುದುಡಿ ಡುಬ್ಬ ಬರುತ್ತದೆ. ಇಷ್ಟೆಲ್ಲ ಅಳತೆ ಇರುವ ಕೆಲಸಕ್ಕೆ 'ಸಿಕ್ಕಿಸು' ಅಂದರೆ ಅಂಗಿಯನ್ನು ಮೊಳೆಗೆ ಸಿಕ್ಕಿಸಿದ ಹಾಗಾಗುತ್ತದೆ.

ಹಾಗಾಗಿ 'ಪೋಣಿಸು' ಬರೆದೆ. ನಡುವಿನಿಂದ ನೇರವಾಗಿ ಹಾಯಿಸುವ ಅರ್ಥ ಅದರಲ್ಲಿ ತಾನಾಗಿಯೇ ಇದೆ. ಆದರೆ ಒಂದು ಗೊಂದಲ. ಸೂಜಿಗೆ ದಾರ ಪೋಣಿಸು ಅಂದಾಗ ದಾರ ಹಾದುಹೋಗುತ್ತದೆ, ಸೂಜಿ ಸುಮ್ನೆ ಇರುತ್ತದೆ. ದಾರಕ್ಕೆ ಮಣಿ ಪೋಣಿಸು ಅಂದಾಗಲೂ ಹಾದುಹೋಗುವುದು ದಾರವೇ, ಆದರೆ 'ಕ್ಕೆ' ಈಗ ಅದಕ್ಕೇ ಹತ್ತಿದೆ. ಗಾಳಕ್ಕೆ ಮೀನು ಪೋಣಿಸು ಅನ್ನುವುದು ಈ ಎರಡನೇ ಜಾತಿ ಅಂದುಕೊಂಡಿದ್ದೇನೆ. 'ಕಟ್ಟು' ಅನ್ನೋಣವೇ? ಇಲ್ಲಿ ಶಂಕರಪುರ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ, ಯಾರೂ ಚುಚ್ಚಿ ಪೋಣಿಸುವುದಿಲ್ಲ. ಗಾಳದ ವಿಷಯದಲ್ಲಿ 'ಕಟ್ಟು' ದಾರದ ಗಂಟಿಗೇ ಇರಲಿ. ಆ ಗಂಟನ್ನೂ ಬಿಗಿದು ಕೂರಿಸದೆ ಸಣ್ಣ ಕುಣಿಕೆ ಬಿಟ್ಟರೆ ಮೂತಿ ಆಡಲು ಜಾಗ ಇರುತ್ತದೆ.

ಎರಡನೇ ಪದವೇ ಹೆಚ್ಚು ಕಾಡಿದ್ದು. ಮೀನಿನ ಆ ಚಲನೆಗೆ ಏನನ್ನಬೇಕು? ಮೊನ್ನೆ ನಾನು ಓರೆಯಾಗಿ ಚುಚ್ಚಿದ್ದನ್ನು ದಡದ ನೀರಲ್ಲೇ ಎಳೆದು ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರು ತುಳುವಿನಲ್ಲಿ 'ನಲಿಪುಜಿ' ಅಂದರು. ಕುಣಿಯುತ್ತಿಲ್ಲ ಅಂತ. ತುಳುವಿನ ನಲಿಪು ಅಂದರೆ ಕುಣಿ. ನಮ್ಮ 'ನಲಿ'ಯಲ್ಲಿ ಕುಣಿತವೂ ಇದೆ, ಖುಷಿಯೂ ಇದೆ, ಈಗ ಖುಷಿಯೇ ಮುಂದೆ ಬಂದಿದೆ. ರಬ್ಬರ್ ಮೀನು ನಲಿಯಬೇಕು ಅಂತ ಬರೆದರೆ ಮೈಸೂರಿನವರು ನಗುತ್ತಾರೇನೋ! 'ಬಳುಕು' ಹತ್ತಿರ ಬರುತ್ತದೆ. ಆದರೆ ಅದು ಇಡೀ ಮೈಯದ್ದು, ಇಲ್ಲಿ ಬಡಿಯಬೇಕಾದ್ದು ಬಾಲ.

ಆಮೇಲೆ ಹೊಳೆಯಿತು. ಓರೆಯಾಗಿ ಚುಚ್ಚಿದ ಮೀನು ನೀರಲ್ಲಿ ಗಿರಗಿರನೆ ತಿರುಗಿ ದಾರಕ್ಕೆ ಮುರಿ ಬೀಳುತ್ತದೆ. ಅದಕ್ಕೆ ನಮ್ಮಲ್ಲಿ ಪದ ಇದ್ದೇ ಇದೆ, ನುಲಿ. ಸರಿಯಾಗಿ ಪೋಣಿಸಿದರೆ ಮೀನು ನಲಿಯುತ್ತದೆ, ತಪ್ಪಿದರೆ ದಾರ ನುಲಿಯುತ್ತದೆ. ಈ ಜೋಡಿ ಸಿಕ್ಕ ಮೇಲೆ 'ಬಳುಕು' ಹೊಡೆದುಹಾಕಲು ಕೈ ತುರಿಸುತ್ತಿದೆ.

ಕುಣಿತದ ಅರ್ಥದ 'ನಲಿ' ನಿಮ್ಮ ಊರಿನ ಮಾತಿನಲ್ಲಿ ಇನ್ನೂ ಇದೆಯೇ? ಕುಂದಾಪುರ, ಕಾರವಾರದ ಕಡೆ ಗಾಳಕ್ಕೆ ಎರೆ ಹಾಕುವುದಕ್ಕೆ ಬೇರೆ ಕ್ರಿಯಾಪದ ಇದ್ದರೆ ಅದನ್ನೂ ತಿಳಿಸಿ.